ಸಾತಗೌಡರ ಹೊಲ

ದೂಧಗಂಗೆಯೂ ವೇದಗಂಗೆಯೂ ಒಂದನ್ನೊಂದು ಕೂಡುವ ಭೋಜ ಗ್ರಾಮದ ಹೆಸರನ್ನು ಅರಿಯದ ಜೈನರು ವಿರಳ. ಆದರೆ ಆ ಹೆಸರನ್ನು ಉಚ್ಚರಿಸಿದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಪಿಂಛಿ ಕಮಂಡಲುಗಳನ್ನು ಧರಿಸಿದ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರರ ಮೂರ್ತಿಯೇ ಹೊರತು, ಅದಕ್ಕೆ ಮುನ್ನ ನಾಲ್ವತ್ತು ವರ್ಷಗಳಿಗೂ ಮಿಕ್ಕು ಅದೇ ಊರಲ್ಲಿ ಬಾಳಿದ ಸಾತಗೌಡ ಪಾಟೀಲರೆಂಬ ಒಕ್ಕಲಿಗರ ರೂಪವಲ್ಲ. ಎಂಬತ್ತಮೂರು ವರ್ಷಗಳ ಆಯುಷ್ಯದಲ್ಲಿ ಸರಿಸುಮಾರು ಅರ್ಧಭಾಗ ಮನೆಗೂ ಹೊಲಕ್ಕೂ ಸಂದುದನ್ನು ಸ್ತೋತ್ರರೂಪದ ಚರಿತ್ರೆಗಳು ಬೇಗನೆ ದಾಟಿಬಿಡುವುದುಂಟು. ನನಗಾದರೋ ಅಲ್ಲಿಯೇ ತುಸು ಹೊತ್ತು ನಿಲ್ಲಬೇಕೆಂಬ ಆಸೆ.

ಜೈನನೆಂದರೆ ವರ್ತಕನೆಂದು ಬಗೆಯುವ ದೂರದೇಶದವರು ಒಮ್ಮೆ ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಸಂಚರಿಸಬೇಕು. ಇಲ್ಲಿ ಬಸದಿಯ ದರ್ಶನ ಮುಗಿಸಿ ನೇಗಿಲಿಗೆ ಕೈಹಾಕುವವನು ಜೈನ. ಸೂರ್ಯ ಮುಳುಗುವುದರೊಳಗೆ ಉಂಡು, ಮರುದಿನದ ಬಿತ್ತನೆಯ ಮಾತಾಡುವವನೂ ಜೈನನೇ. ನೆಲವನ್ನು ಸೀಳುವಾಗ ಎಷ್ಟು ಜೀವಗಳು ಅಳಿಯುತ್ತವೆಯೆಂಬ ಶಂಕೆ ಅವನನ್ನು ಕಾಡದೆ ಇಲ್ಲ. ಆದರೆ ಅಸಿ, ಮಸಿ, ಕೃಷಿ ಮೊದಲಾದ ಷಟ್ಕರ್ಮಗಳನ್ನು ಲೋಕಕ್ಕೆ ಕಲಿಸಿದವನು ಆದಿಜಿನನೇ ಎಂಬ ಪುರಾಣವಾಕ್ಯವೂ, ಉದ್ಯೋಗದಲ್ಲಿ ಅನಿವಾರ್ಯವಾದ ಹಿಂಸೆಯನ್ನು ಸಂಕಲ್ಪದ ಹಿಂಸೆಯಿಂದ ಬೇರೆ ಮಾಡುವ ಶ್ರಾವಕಾಚಾರದ ವಿವೇಕವೂ ಅವನಿಗೆ ಆಧಾರವಾಗಿವೆ. ಸಾತಗೌಡರು ಜನಿಸಿದುದು ಇಂಥ ಚತುರ್ಥ ಜೈನರ ಪಾಟೀಲ ಮನೆತನದಲ್ಲಿ, 1872ರ ಆಷಾಢದಲ್ಲಿ, ತಾಯಿಯ ತವರಾದ ಯಳಗೂಡದಲ್ಲಿ. ತಂದೆ ಭೀಮಗೌಡರು, ತಾಯಿ ಸತ್ಯವತಿ. ಶಾಲೆಯ ಓದು ಅಲ್ಪ. ಆ ಕಾಲದ ರೂಢಿಯಂತೆ ಒಂಬತ್ತನೆಯ ವಯಸ್ಸಿನಲ್ಲಿಯೇ ವಿವಾಹವಾಯಿತು. ಬಾಲವಧು ಕೆಲವೇ ತಿಂಗಳಲ್ಲಿ ತೀರಿಕೊಂಡಳು. ಮತ್ತೊಮ್ಮೆ ಮದುವೆಯ ಮಾತೆತ್ತಿದವರಿಗೆ ಅವರು ಒಪ್ಪಲಿಲ್ಲ.

ಅವರ ಒಕ್ಕಲುತನದ ಕಥೆಗಳನ್ನು ಈ ಸೀಮೆಯ ಹಿರಿಯರು ಬಹುಕಾಲ ಹೇಳಿಕೊಂಡು ಬಂದರು. ತೆನೆಗೆ ಹಾಲು ತುಂಬಿದಾಗ ಉಳಿದವರು ಅಟ್ಟವೇರಿ ಕವಣೆ ಬೀಸುತ್ತಿದ್ದರೆ, ಸಾತಗೌಡರು ಮಾತ್ರ ಹಕ್ಕಿಗಳಿಗೆ ಬೆನ್ನುಮಾಡಿ ಕುಳಿತುಬಿಡುವರಂತೆ. ಕಾಳು ತಿಂದವುಗಳಿಗೆ ನೀರಡಿಕೆಯಾದೀತೆಂದು ಹೊಲದಲ್ಲಿ ನೀರನ್ನೂ ಇಡುವರಂತೆ. ಇದನ್ನು ಕಂಡ ನೆರೆಹೊಲದವರು ತಮ್ಮಲ್ಲಿಯ ಹಕ್ಕಿಗಳನ್ನೂ ಅತ್ತಲೇ ಅಟ್ಟುವರಂತೆ. ಆದರೂ ಕಣದಲ್ಲಿ ಅವರ ರಾಶಿ ತಗ್ಗಲಿಲ್ಲವೆಂದು ಕಥೆ ಮುಗಿಯುತ್ತದೆ. ಭಕ್ತರಿಗೆ ಪ್ರಿಯವಾದುದು ಆ ರಾಶಿಯ ಪವಾಡ. ನನಗೆ ಪ್ರಿಯವಾದುದು ಆ ಬೆನ್ನು. ತನ್ನ ಬೆಳೆಯ ನಷ್ಟವನ್ನು ಕಣ್ಣಾರೆ ನೋಡಿದರೆ ಮನಸ್ಸು ಎಲ್ಲಿ ಕದಲೀತೋ ಎಂದು ತಿರುಗಿ ಕುಳಿತವನಿಗೆ ತನ್ನ ದೌರ್ಬಲ್ಯದ ಅರಿವೂ ಇದ್ದಿತೆಂದು ತೋರುತ್ತದೆ. ಮನೆಯವರ ಬಟ್ಟೆಯ ಅಂಗಡಿಯಲ್ಲಿ ಕೂಡಿಸಿದರೂ ಅವರ ರೀತಿ ಇದೇ: ಗಿರಾಕಿ ತಾನೇ ಅಳೆದುಕೊಂಡು ತಾನೇ ಹಣವಿಟ್ಟು ಹೋಗಬೇಕು. ದೇಹಬಲವಾದರೋ ಅಸಾಧಾರಣ. ತರುಣರಾಗಿದ್ದಾಗ ಸಮ್ಮೇದಶಿಖರದ ಯಾತ್ರೆಯಲ್ಲಿ, ಬೆಟ್ಟವೇರಲಾರದೆ ಬಸವಳಿದ ವೃದ್ಧೆಯೊಬ್ಬಳನ್ನು ಹೆಗಲಮೇಲೆ ಹೊತ್ತು ವಂದನೆ ಮಾಡಿಸಿದರೆಂದು ಪ್ರಸಿದ್ಧಿ. ಆ ಯಾತ್ರೆಯಿಂದ ಮರಳಿದುದು ತುಪ್ಪ ಎಣ್ಣೆಗಳನ್ನು ತ್ಯಜಿಸಿ, ಏಕಭುಕ್ತದ ನಿಯಮ ಹಿಡಿದು.

ತಾಯಿತಂದೆಗಳು ಇರುವವರೆಗೆ ಮನೆ ಬಿಡಲಿಲ್ಲ. ಅವರು ಗತಿಸಿದ ಮೇಲೆ ಉತ್ತೂರಿನಲ್ಲಿ ದೇವೇಂದ್ರಕೀರ್ತಿ ಮುನಿಗಳಿಂದ ಕ್ಷುಲ್ಲಕ ದೀಕ್ಷೆ, 1920ರಲ್ಲಿ ಯರನಾಳದ ಪಂಚಕಲ್ಯಾಣ ಮಹೋತ್ಸವದಲ್ಲಿ ನಿರ್ಗ್ರಂಥ ದೀಕ್ಷೆ, 1924ರಲ್ಲಿ ಸಮಡೋಳಿಯಲ್ಲಿ ಆಚಾರ್ಯಪದ. ಅನಂತರದ ಉತ್ತರ ಭಾರತದ ವಿಹಾರವೂ, ಮೂಡಬಿದರೆಯ ತಾಳೆಗರಿಗಳಲ್ಲಿ ಜೀರ್ಣಿಸುತ್ತಿದ್ದ ಧವಲಾದಿ ಸಿದ್ಧಾಂತ ಗ್ರಂಥಗಳನ್ನು ತಾಮ್ರಪಟಗಳಲ್ಲಿ ಕೆತ್ತಿಸಿದ ಪ್ರೇರಣೆಯೂ ಲೋಕವಿದಿತ, ಅವನ್ನು ವಿಸ್ತರಿಸುವುದಿಲ್ಲ. ಒಂದು ಸಂಗತಿಯನ್ನು ಮಾತ್ರ ಮುಚ್ಚಿಡಲಾಗದು. ಬೊಂಬಾಯಿ ಪ್ರಾಂತದ ಹರಿಜನ ಮಂದಿರಪ್ರವೇಶ ಕಾನೂನನ್ನು ಜೈನ ಬಸದಿಗಳಿಗೂ ಅನ್ವಯಿಸಿದುದನ್ನು ವಿರೋಧಿಸಿ ಅವರು 1948ರಲ್ಲಿ ಅನ್ನವನ್ನು ತ್ಯಜಿಸಿದರು. 1951ರಲ್ಲಿ ಉಚ್ಚ ನ್ಯಾಯಾಲಯದ ನಿರ್ಣಯ ಬಂದ ಮೇಲೆಯೇ ಅದನ್ನು ಸ್ವೀಕರಿಸಿದರು. ಜೈನಧರ್ಮ ಸ್ವತಂತ್ರವೆಂಬುದಕ್ಕಾಗಿ ಆ ವ್ರತವೆಂದು ಅನುಯಾಯಿಗಳ ಸಮಾಧಾನ. ಹಕ್ಕಿಗೂ ನೀರಿಟ್ಟ ಕೈ ಮನುಷ್ಯನಿಗೆ ಬಾಗಿಲು ತೆರೆಯುವುದರಲ್ಲಿ ಹಿಂಜರಿಯಿತಲ್ಲಾ ಎಂಬ ವ್ಯಥೆ ನನ್ನಂಥವರಿಗೆ ಆ ಸಮಾಧಾನದಿಂದ ತೀರದು.

ಕಡೆಗೆ ಕಣ್ಣು ಮಸುಕಾಯಿತು. ದಿಗಂಬರ ಮುನಿಗೆ ಈರ್ಯಾಸಮಿತಿಯೆಂಬುದೊಂದುಂಟು; ನಾಲ್ಕು ಮೊಳ ಮುಂದಣ ನೆಲವನ್ನು ನೋಡಿಯೇ ಹೆಜ್ಜೆಯಿಡತಕ್ಕದ್ದು. ನೇಗಿಲ ಹಿಂದೆ ನಡೆಯುವಾಗ ಕಾಣದೆ ಅಳಿಯುವ ಜೀವಗಳಿಗಾಗಿ ಒಕ್ಕಲಿಗನಿಗೆ ಶಾಸ್ತ್ರ ನೀಡಿದ ರಿಯಾಯಿತಿ ಮುನಿಗಿಲ್ಲ. ಇರುವೆ ಕಾಣದಿದ್ದ ಮೇಲೆ ನಡೆಯಲಾಗದು, ಪರಿಶೋಧಿಸಿ ಉಣ್ಣಲೂ ಆಗದು. ಆದುದರಿಂದ 1955ರ ಆಗಸ್ಟ್ 14ರಂದು, ಕುಲಭೂಷಣ ದೇಶಭೂಷಣರ ಮುಕ್ತಿಸ್ಥಾನವಾದ ಕುಂಥಲಗಿರಿಯಲ್ಲಿ ಸಲ್ಲೇಖನವನ್ನು ಕೈಕೊಂಡರು. ಆಹಾರ ಮೊದಲು ನಿಂತಿತು. ನಡುನಡುವೆ ಕೊಂಡ ನೀರೂ ಕ್ರಮವಾಗಿ ನಿಂತಿತು. ಆಚಾರ್ಯಪದವನ್ನು ದೂರದಲ್ಲಿದ್ದ ಶಿಷ್ಯ ವೀರಸಾಗರರಿಗೆ ಒಪ್ಪಿಸಿಯಾಗಿತ್ತು. ಸೆಪ್ಟೆಂಬರ್ 8ರಂದು, ಕ್ಷೀಣಿಸಿದ ದನಿಯಲ್ಲಿ, ನೆರೆದವರಿಗೆ ಮರಾಠಿಯಲ್ಲಿ ಕಡೆಯ ಉಪದೇಶವಾಯಿತು. ಅಂಜದೆ ಸಂಯಮವನ್ನು ಹಿಡಿಯಿರಿ ಎಂಬುದು ಅದರ ತಾತ್ಪರ್ಯ. ಅದಾಗಿ ಹತ್ತನೆಯ ದಿನ, ಸೆಪ್ಟೆಂಬರ್ 18ರ ಮುಂಜಾನೆ, ಹಕ್ಕಿಗಳು ಹೊಲಕ್ಕಿಳಿಯುವ ಹೊತ್ತಿನಲ್ಲಿ, ಉಸಿರು ನಿಂತಿತು.