ಉಲ್ಕಾವೃಷ್ಟಿ ಮತ್ತು ಅಯಾನುಗೋಳ: ಅಧ್ಯಯನದ ಇತಿಹಾಸ

ಸೆಕೆಂಡಿಗೆ 11ರಿಂದ 72 ಕಿ.ಮೀ. ವೇಗದಲ್ಲಿ ನುಗ್ಗಿಬರುವ ಉಲ್ಕೆ ಸಾಮಾನ್ಯವಾಗಿ ನೆಲದಿಂದ 80–120 ಕಿ.ಮೀ. ಎತ್ತರದಲ್ಲಿ ಉರಿದು ಆವಿಯಾಗುತ್ತದೆ. ಆವಿಯ ಪರಮಾಣುಗಳು ಗಾಳಿಯ ಅಣುಗಳಿಗೆ ಬಡಿದಾಗ ಎಲೆಕ್ಟ್ರಾನುಗಳು ಕಳಚಿಕೊಳ್ಳುತ್ತವೆ. ರೇಡಿಯೋ ತರಂಗಗಳನ್ನು ಪ್ರತಿಫಲಿಸುವ ಮೇಲ್ವಾತಾವರಣದ ಅಯಾನು ವಲಯವಾದ ಅಯಾನುಗೋಳದ ಇ ಪದರವಿರುವುದೂ ಹೆಚ್ಚುಕಡಿಮೆ ಇದೇ ಎತ್ತರದಲ್ಲಿ. ಹಾಗಿದ್ದರೆ ಉಲ್ಕಾವೃಷ್ಟಿಯ ರಾತ್ರಿ ಆ ಪದರ ದಟ್ಟವಾಗಬೇಕಲ್ಲವೆ?

ಉಲ್ಕೆಗಳು ರೇಡಿಯೋ ಪ್ರಸಾರದ ಮೇಲೆ ಪರಿಣಾಮ ಬೀರಬಹುದೆಂದು ಜಪಾನಿನ ಹಂಟಾರೊ ನಾಗಾವೊಕ 1929ರಲ್ಲೇ ಹೇಳಿದ್ದರು. ಅಮೆರಿಕದ ಬೆಲ್ ಪ್ರಯೋಗಾಲಯದ ಸ್ಕೆಲೆಟ್, ಶೇಫರ್ ಮತ್ತು ಗುಡಾಲ್ 1931 ಹಾಗೂ 1932ರ ನವೆಂಬರಿನ ಲಿಯೊನಿಡ್ ವೃಷ್ಟಿಯ ವೇಳೆ ಇ ಪದರದಲ್ಲಿ ಅಯಾನೀಕರಣ ತಟ್ಟನೆ ಏರುವುದನ್ನು ಕಂಡರು. 1933ರ ಲಿಯೊನಿಡ್‌ಗಳನ್ನು ಕಲ್ಕತ್ತದಲ್ಲಿ ಶಿಶಿರ್ ಕುಮಾರ್ ಮಿತ್ರ ಮತ್ತು ಅವರ ಸಂಗಡಿಗರು ಹೀಗೆಯೇ ಗಮನಿಸಿ, ಮರುವರ್ಷ 'ನೇಚರ್' ಪತ್ರಿಕೆಗೆ ಬರೆದರು.

ಆದರೆ ಉಲ್ಕಾವೃಷ್ಟಿ ಇಲ್ಲದ ದಿನಗಳಲ್ಲೂ ಇಂಥ ದಟ್ಟ ಪದರಗಳು ಮೂಡುತ್ತವೆ. ಹೀಗಾಗಿ ಕಂಡದ್ದೆಲ್ಲ ಉಲ್ಕೆಗಳ ಕೆಲಸವೆ, ಕಾಕತಾಳೀಯವೆ ಎಂಬ ಅನುಮಾನ ಉಳಿಯಿತು. ಒಂಟಿ ಉಲ್ಕೆಯ ವಿಷಯದಲ್ಲಿ ಉತ್ತರ ಬೇಗ ಸಿಕ್ಕಿತು. ಆಕಾಶವಾಣಿಯ ಕಿರುತರಂಗ ಪ್ರಸಾರವನ್ನು ಆಲಿಸುವಾಗ ಕೇಳಿಬರುತ್ತಿದ್ದ, ಏರುದನಿಯಿಂದ ಸರ್ರನೆ ಇಳಿಯುವ ಸಿಳ್ಳೆಗೆ ಉಲ್ಕೆಗಳೇ ಕಾರಣವೆಂದು ದೆಹಲಿಯ ಚಮನ್‌ಲಾಲ್ ಮತ್ತು ವೆಂಕಟರಾಮನ್ 1941ರಲ್ಲಿ ವಿವರಿಸಿದರು. ಅವರ ಲೇಖನ ಅಚ್ಚಾದದ್ದು ಬೆಂಗಳೂರಿನ 'ಎಲೆಕ್ಟ್ರೋಟೆಕ್ನಿಕ್ಸ್'ನಲ್ಲಿ. 1946ರ ಅಕ್ಟೋಬರಿನ ಜಿಯಾಕೊಬಿನಿಡ್ ವೃಷ್ಟಿಯ ರಾತ್ರಿ ಇಂಗ್ಲೆಂಡಿನ ಜಾಡ್ರೆಲ್ ಬ್ಯಾಂಕಿನಲ್ಲಿ ಬರ್ನಾರ್ಡ್ ಲವೆಲ್ ತಂಡದ ರೇಡಾರಿಗೆ ಪ್ರತಿಧ್ವನಿಗಳ ಸುರಿಮಳೆ. ಆಂಟೆನಾವನ್ನು ಉಲ್ಕೆಗಳು ಹೊಮ್ಮುವ ದಿಕ್ಕಿಗೇ ತಿರುಗಿಸಿದಾಗ ಮಾತ್ರ ಅವು ಬಹುಮಟ್ಟಿಗೆ ನಿಂತುಹೋದವು! ಉಲ್ಕೆಯ ಅಯಾನು ಜಾಡು ಲಂಬವಾಗಿ ಬಿದ್ದ ತರಂಗವನ್ನೇ ಹಿಂದಕ್ಕೆ ಕಳಿಸುತ್ತದೆಂಬುದಕ್ಕೆ ಇದಕ್ಕಿಂತ ಸರಳ ಪುರಾವೆ ಬೇಕಿರಲಿಲ್ಲ.

ಬಹುತೇಕ ಜಾಡುಗಳು ಸೆಕೆಂಡುಗಳಲ್ಲೇ ಚದುರುತ್ತವೆ. ಉಳಿಯುವುದು ಕಬ್ಬಿಣ, ಮೆಗ್ನೀಸಿಯಂಗಳ ಅಯಾನುಗಳು. ಇವು ಎಲೆಕ್ಟ್ರಾನುಗಳೊಡನೆ ಮತ್ತೆ ಸೇರಲು ಬಹಳ ಹೊತ್ತು ಹಿಡಿಯುತ್ತದೆ. ಎತ್ತರಕ್ಕೆ ತಕ್ಕಂತೆ ದಿಕ್ಕು ಬದಲಿಸುವ ಗಾಳಿ, ಭೂಕಾಂತತ್ವದ ನೆರವಿನಿಂದ, ಅಯಾನುಗಳನ್ನು ತೆಳು ಪದರಗಳಾಗಿ ಒತ್ತುತ್ತದೆಂದು ವಿಜ್ಞಾನಿ ವೈಟ್‌ಹೆಡ್ 1961ರಲ್ಲಿ ಸೂಚಿಸಿದರು. ಅಂದರೆ ಪದರಕ್ಕೆ ಸರಕು ಉಲ್ಕೆಗಳದು, ಸಮಯ ಗೊತ್ತುಮಾಡುವುದು ಗಾಳಿ. ಇನ್ನೊಂದು ತೊಡಕೆಂದರೆ, ದಿನವೂ ಸದ್ದಿಲ್ಲದೆ ಬೀಳುವ ಬಿಡಿ ಉಲ್ಕಾಕಣಗಳು ವರ್ಷದಲ್ಲಿ ತರುವ ಲೋಹ, ಹೆಸರಾಂತ ವೃಷ್ಟಿಗಳು ತರುವುದಕ್ಕಿಂತ ಹೆಚ್ಚು. ವೃಷ್ಟಿಯ ಪಾಲನ್ನು ಬೇರ್ಪಡಿಸಿ ತೋರಿಸುವುದು ಭೂಮಿಯಲ್ಲಿ ಕಷ್ಟವಾಗಿರುವುದು ಇದರಿಂದಲೇ.

ನೇರ ಸಾಕ್ಷ್ಯ ಸಿಕ್ಕಿದ್ದು ಮಂಗಳದಲ್ಲಿ. 2014ರ ಅಕ್ಟೋಬರ್ 19ರಂದು ಸೈಡಿಂಗ್ ಸ್ಪ್ರಿಂಗ್ ಧೂಮಕೇತು ಆ ಗ್ರಹದ ಸಮೀಪ ಹಾದುಹೋಯಿತು; ಅದರ ಧೂಳು ಅಲ್ಲಿ ಉಲ್ಕೆಗಳಾಗಿ ಸುರಿಯಿತು. ಇಸ್ರೊದ ಮಂಗಳಯಾನ ನೌಕೆಯನ್ನು ಧೂಳಿನಿಂದ ಕಾಪಾಡಲು ಗ್ರಹದ ಮರೆಗೆ ಸರಿಸಲಾಗಿತ್ತು. ಬಳಿಕ ನಾಸಾದ ಮೇವನ್ ನೌಕೆಗೆ ಮಂಗಳದ ಮೇಲ್ವಾಯುಮಂಡಲದಲ್ಲಿ ಹೊಸದಾಗಿ ಮೆಗ್ನೀಸಿಯಂ, ಕಬ್ಬಿಣದ ಅಯಾನುಗಳು ಕಂಡವು; ಯುರೋಪಿನ ಮಾರ್ಸ್ ಎಕ್ಸ್‌ಪ್ರೆಸ್ಸಿನ ರೇಡಾರು ಮಾಮೂಲಿ ಅಯಾನುಗೋಳದ ಕೆಳಗೆ ತಾತ್ಕಾಲಿಕವಾಗಿ ಮೂಡಿದ್ದ ದಟ್ಟ ಎಲೆಕ್ಟ್ರಾನ್ ಪದರವನ್ನು ಗುರುತಿಸಿತು.