ಟೋನ್ ಕೇಳಿಸಿಕೊಳ್ಳದ ಮೋಡೆಮ್

ಬೆಂಗಳೂರಿನ ಐಟಿ ಕತೆ ಹೇಳೋರೆಲ್ಲ 1985ರಿಂದ ಶುರು ಮಾಡ್ತಾರೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು, ತನ್ನದೇ ಉಪಗ್ರಹ ಸಂಪರ್ಕ ಹಾಕಿಕೊಳ್ತು, ಎತ್ತಿನ ಗಾಡಿಯಲ್ಲಿ ಡಿಶ್ ಹೋಯ್ತು... ಕೇಳಿರ್ತೀರಿ. ಆದರೆ ಕಂಪನಿಗಳ ಆಕಾಶಕ್ಕೆ ಬಂದದ್ದು ಮನೆಗಳ ಗೋಡೆಯ ತನಕ ಬರೋಕೆ ಹತ್ತು ವರ್ಷ ಹಿಡೀತು. ನನಗೆ ಆ ಎರಡನೇ ಕತೆಯೇ ಇಷ್ಟ.

ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟದ್ದು 1995ರ ಆಗಸ್ಟ್ 15ಕ್ಕೆ. ಶುರುವಿನ ದಿನಗಳು ಎಷ್ಟು ಕೆಟ್ಟದಾಗಿದ್ದವು ಅಂದರೆ, ಅದರ ಮುಖ್ಯಸ್ಥ ಬಿ.ಕೆ. ಸಿಂಗಲ್ ಅವರೇ ಎಡವಿದೆವು ಅಂತ ಬಹಿರಂಗವಾಗಿ ಒಪ್ಪಿಕೊಂಡರು. 1998ರ ಕೊನೆಗೆ ಖಾಸಗಿ ಕಂಪನಿಗಳಿಗೂ ಬಾಗಿಲು ತೆರೀತು. ತಂತಿ ಮಾತ್ರ ಅದೇ ಟೆಲಿಫೋನ್ ತಂತಿ. ಮಾತಿಗಷ್ಟೇ ಅಂತ ಮಾಡಿದ, 300ರಿಂದ 3400 ಹರ್ಟ್ಸ್ ಒಳಗೆ ಎಲ್ಲವನ್ನೂ ಮುಗಿಸಬೇಕಾದ ದಾರಿ. ಮೋಡೆಮ್ ಆ ಇಕ್ಕಟ್ಟಿನಲ್ಲಿ ಅಂಕಿಗಳನ್ನು ಸದ್ದು ಮಾಡಿ ಕಳಿಸ್ತಿತ್ತು. ಕೀಂ, ಕರ್ರ್ ಅನ್ನೋ ಆ ಕಿರುಚಾಟ ಅದೇ.

2003ರಲ್ಲಿ ದಾವಣಗೆರೆಯ ನಮ್ಮನೆಗೆ ಅಮೆರಿಕದಿಂದ ಅಣ್ಣ ತಾನು ಬಳಸಿ ಬಿಟ್ಟ ಲ್ಯಾಪ್‌ಟಾಪ್ ತಂದುಕೊಟ್ಟ. ಅವನಿಗೆ ಮಗಳು ಹುಟ್ಟಿ ಎರಡು ತಿಂಗಳಾಗಿತ್ತು. ಐಎಸ್‌ಡಿ ದುಬಾರಿ, ಫೋನಲ್ಲಿ ಮಗುವಿನ ಮುಖವಂತೂ ಕಾಣಲ್ಲ. ಫೋಟೋ ಮೇಲಲ್ಲೇ ಬರಬೇಕು. ಬ್ರೌಸರಿನಲ್ಲಿ ಅದು ಮೇಲಿಂದ ಕೆಳಕ್ಕೆ ಗೆರೆಗೆರೆಯಾಗಿ ಇಳೀತಿತ್ತು. ಅಮ್ಮ ಕುರ್ಚಿ ಎಳ್ಕೊಂಡು ಕೂರ್ತಿದ್ದಳು. ಟೋಪಿ ಬರೋದು, ಹಣೆ ಬರೋದು, ಒಂದು ಕಣ್ಣು ಬರೋಷ್ಟರಲ್ಲಿ ಲೈನ್ ಕಟ್. 'ಮೂಗು ಯಾರ ಥರ ಇದೆ ಅಂತ ಇವತ್ತೂ ಗೊತ್ತಾಗ್ಲಿಲ್ಲ ನೋಡು' ಅಂತ ಎದ್ದು ಹೋಗ್ತಿದ್ದಳು.

ಮೊದಲ ತೊಂದರೆ ಕನೆಕ್ಟ್ ಆಗೋದೇ. ವಿಂಡೋಸ್ ಎರರ್ 680 ತೋರಿಸ್ತಿತ್ತು, ಡಯಲ್ ಟೋನ್ ಇಲ್ಲ ಅಂತ. ರಿಸೀವರ್ ಎತ್ತಿದರೆ ನಮ್ಮ ಕಿವಿಗೆ ಟೋನ್ ಸೊಗಸಾಗಿ ಕೇಳ್ತಿತ್ತು! ಕಾರಣ ತಮಾಷೆಯಾಗಿದೆ. ಅಮೆರಿಕದ ಟೋನ್ 350 ಮತ್ತು 440 ಹರ್ಟ್ಸ್‌ಗಳ ಮಿಶ್ರಣ. ನಮ್ಮದು 400ರ ಗುರುಗುಟ್ಟುವ ಸದ್ದು. ಆ ದೇಶದ ಮೋಡೆಮಿಗೆ ನಮ್ಮ ಟೋನ್ ಟೋನೇ ಅಲ್ಲ. ಎಟಿಎಕ್ಸ್3 ಅನ್ನೋ ಆಜ್ಞೆ ಸೇರಿಸಿದರೆ ಅದು ಟೋನಿಗೆ ಕಾಯದೆ ಡಯಲ್ ಮಾಡುತ್ತೆ. ಎಟಿಯಿಂದ ಶುರುವಾಗೋ ಈ ಭಾಷೆ 1981ರ ಹೇಯ್ಸ್ ಮೋಡೆಮಿನದು. ಅಷ್ಟು ವರ್ಷ ಬಾಳಿದ ಕಂಪ್ಯೂಟರ್ ಭಾಷೆ ಕಡಿಮೆ.

ಎರಡನೆಯದು ಲ್ಯಾಪ್‌ಟಾಪಿನ ಜಿಪುಣತನ. ಮೋಡೆಮಿನ ಅರ್ಧ ಕೆಲಸವನ್ನು ಪ್ರೊಸೆಸರ್ ತಲೆಗೆ ಕಟ್ಟಿ ಚಿಪ್ಪಿನ ಖರ್ಚು ಉಳಿಸಿದ 'ವಿನ್‌ಮೋಡೆಮ್' ಅದರಲ್ಲಿತ್ತು. ಆ್ಯಂಟಿವೈರಸ್ ಓಡಲು ಶುರುವಾದರೆ ಮೋಡೆಮ್ ತತ್ತರಿಸ್ತಿತ್ತು. ಹಾಗಾಗಿ ಬೇರೆಲ್ಲ ಮುಚ್ಚಿ ಕನೆಕ್ಟ್ ಆಗೋದು, ಕಾಲ್ ವೇಟಿಂಗ್ ತೆಗೆಸೋದು, ಒಳಮನೆಯ ಪ್ಯಾರಲಲ್ ಫೋನ್ ಕಿತ್ತಿಡೋದು. ಇಷ್ಟಾದ ಮೇಲೂ ವೇಗ 26,400 ಬಿಟ್ ದಾಟ್ತಿರಲಿಲ್ಲ.

56ಕೆ ಮೋಡೆಮಿಗೆ ಒಂದು ಷರತ್ತಿತ್ತು: ಎಕ್ಸ್‌ಚೇಂಜಿಂದ ಆಚೆಗೆಲ್ಲ ಡಿಜಿಟಲ್ ಇರಬೇಕು. ಈ ವಿಷಯದಲ್ಲಿ ನಾವು ಬಡವರೇನಲ್ಲ. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ, ಏಸಿ ಇಲ್ಲದೆ ನಮ್ಮ ಬಿಸಿಲು ಧೂಳಿನಲ್ಲಿ ನಡೆಯೋ 128 ಲೈನಿನ ಡಿಜಿಟಲ್ ಎಕ್ಸ್‌ಚೇಂಜ್ ಮಾಡಿ, ಮೊದಲನೆಯದನ್ನ 1986ರಲ್ಲಿ ಕೂರಿಸಿದ್ದು ನಮ್ಮ ಕಿತ್ತೂರಿನಲ್ಲೇ. ಚೆನ್ನಮ್ಮನ ಕಿತ್ತೂರು! ಐಟಿ ಇತಿಹಾಸ ಬರೆಯೋರು ಎತ್ತಿನ ಗಾಡಿಗೆ ಕೊಟ್ಟ ಜಾಗದಲ್ಲಿ ಕಾಲುಭಾಗವನ್ನೂ ಇದಕ್ಕೆ ಕೊಟ್ಟಿಲ್ಲ ಅನ್ನೋದು ನನ್ನ ಸಿಟ್ಟು.

ನಮ್ಮ ರೋಗ ಎಕ್ಸ್‌ಚೇಂಜಲ್ಲಿರಲಿಲ್ಲ, ಕಂಬದಲ್ಲಿತ್ತು. ಲೈನ್‌ಮನ್ ಬಂದು ರಿಸೀವರ್ ಎತ್ತಿ ಒಂದಂಕಿ ಒತ್ತಿ, ಟೋನ್ ನಿಂತ ಮೇಲಿನ ಮೌನಕ್ಕೆ ಕಿವಿಕೊಟ್ಟ. 'ಚರಚರ ಅಂತೈತ್ರಿ, ಜಾಯಿಂಟ್‌ಗೆ ನೀರು ಇಳಿದೈತಿ' ಅಂದ. ಮೋಡೆಮ್ ಅನ್ನೋದನ್ನ ಅವನು ಮುಟ್ಟಿರಲಿಲ್ಲ. ಕಂಬ ಹತ್ತಿ ಪಾಚಿ ಬಣ್ಣಕ್ಕೆ ತಿರುಗಿದ್ದ ತಾಮ್ರ ಕತ್ತರಿಸಿ ಹೊಸದಾಗಿ ಹೆಣೆದು ಟೇಪ್ ಸುತ್ತಿದ. ಅವತ್ತು ರಾತ್ರಿ ಪರದೆಯ ಮೂಲೆಯಲ್ಲಿ 44,000 ಬಿಟ್ ಅಂತ ಬಂತು. ಫೋಟೋ ಗಲ್ಲದ ತನಕ ಇಳೀತು. ಮೂಗು ನಮ್ಮ ಅಜ್ಜಿಯದು.

2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಶುರು ಮಾಡ್ತು. ಮುಂದೆ ಅದು ನಮ್ಮನೆಗೂ ಬಂತು, ಅದೇ ತಾಮ್ರದ ಮೇಲೆ, ಅವನು ಹೆಣೆದ ಅದೇ ಜಾಯಿಂಟ್ ದಾಟಿ.