ಚಿಲ್ಲರೆ ಅಂಗಡಿಯ ಲೆಕ್ಕ: ಸೋಲದೇವನಹಳ್ಳಿಯ ಸುತ್ತಿನ ವ್ಯಾಪಾರದ ಸ್ಥಿತ್ಯಂತರಗಳು

ಕರ್ನಾಟಕದ ವಾಣಿಜ್ಯ ಚರಿತ್ರೆಯನ್ನು ಕುರಿತು ನಮಗೆ ದೊರೆಯುವ ಸಾಮಗ್ರಿ ಅಲ್ಪವೇನಲ್ಲ. ಅಯ್ಯಾವೊಳೆ ಐನೂರ್ವರಂತಹ ವರ್ತಕಸಂಘಗಳ ಕೀರ್ತಿಯನ್ನು ಶಾಸನಗಳು ಸಾರುತ್ತವೆ. ಸುಂಕಗಳ ವಿವರಗಳು ದತ್ತಿಶಾಸನಗಳಲ್ಲಿ ಹೇರಳವಾಗಿ ಬರುತ್ತವೆ. ಆದರೆ ಪಾವು ಎಣ್ಣೆ, ಸೇರು ಉಪ್ಪುಗಳನ್ನು ಮಾರುತ್ತಿದ್ದ ಊರಂಗಡಿಯ ವಿಷಯದಲ್ಲಿ ಈ ಆಧಾರಗಳು ಬಹುಮಟ್ಟಿಗೆ ಮೌನವಾಗಿವೆ. ಜನರ ನಿತ್ಯಜೀವನಕ್ಕೆ ಅರಮನೆಗಿಂತಲೂ ಹತ್ತಿರವಾಗಿದ್ದ ಸಂಸ್ಥೆ ಅಂಗಡಿಯೇ ಎಂಬುದರಲ್ಲಿ ಸಂದೇಹವಿಲ್ಲ. ಬೆಂಗಳೂರಿನ ಉತ್ತರಕ್ಕಿರುವ ಸೋಲದೇವನಹಳ್ಳಿ ಮತ್ತು ಅದರ ಪರಿಸರವನ್ನು ಆಧರಿಸಿ, ಅಂಗಡಿಯ ಲೆಕ್ಕವು ಯಾರ ಕೈಯಲ್ಲಿತ್ತು, ಈಗ ಯಾರ ಕೈ ಸೇರಿದೆ ಎಂಬ ಒಂದು ಪ್ರಶ್ನೆಯನ್ನು ವಿಚಾರಮಾಡುವುದು ಪ್ರಸ್ತುತ ಲೇಖನದ ಉದ್ದೇಶ.

ಯಲಹಂಕ ನಾಡಪ್ರಭುಗಳ ಈ ಸೀಮೆಯಲ್ಲಿ ವ್ಯಾಪಾರಕ್ಕೆ ಎರಡು ನೆಲೆಗಳಿದ್ದವು. ಒಂದು ಪೇಟೆ, ಇನ್ನೊಂದು ಸಂತೆ. ಕೆಂಪೇಗೌಡರು 1537ರಲ್ಲಿ ನಿರ್ಮಿಸಿದರೆಂದು ಹೇಳಲಾಗುವ ಬೆಂಗಳೂರು ಪೇಟೆಯಲ್ಲಿ ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೆಪೇಟೆ ಎಂಬ ಬೀದಿಗಳು ಸರಕಿನ ಹೆಸರನ್ನೂ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆಗಳು ಕಸುಬಿನವರ ಹೆಸರನ್ನೂ ಇಂದಿಗೂ ಉಳಿಸಿಕೊಂಡಿವೆ. 1800ರಲ್ಲಿ ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬ್ಯೂಕನನ್ ಇಲ್ಲಿಯ ವರ್ತಕರನ್ನೂ ನೇಕಾರರನ್ನೂ ವಿಚಾರಿಸಿ ಬರೆದ ವೃತ್ತಾಂತವು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಹಳ್ಳಿಯ ರೈತನಾದರೋ ತನ್ನ ಬಹುಪಾಲು ಕೊಳ್ಳುವ ಮಾರುವ ಕೆಲಸವನ್ನು ವಾರದ ಸಂತೆಯಲ್ಲಿ ಮುಗಿಸುತ್ತಿದ್ದನು. ಕುಂಬಾರ, ಕಮ್ಮಾರ, ಅಗಸ ಮುಂತಾದವರಿಗೆ ಸುಗ್ಗಿಯ ಕಾಲದಲ್ಲಿ ಕಣದಲ್ಲಿಯೇ ಧಾನ್ಯವನ್ನು ಅಳೆದು ಕೊಡುವ ಆಯದ ಪದ್ಧತಿಯಿತ್ತು. ಈ ವ್ಯವಸ್ಥೆಯಲ್ಲಿ ಲೆಕ್ಕವೆಂಬುದು ನೆನಪಿನಲ್ಲಿ ನಿಂತಿತ್ತು. ಊರೇ ಅದಕ್ಕೆ ಸಾಕ್ಷಿಯಾಗಿತ್ತು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಸೋಲದೇವನಹಳ್ಳಿಗೆ ಎರಡು ಹೊಸ ಸಂಗತಿಗಳು ಬಂದವು. 1884ರಲ್ಲಿ ಬೆಂಗಳೂರು–ತುಮಕೂರು ರೈಲುಮಾರ್ಗವು ತೆರೆಯಿತು. ಮುಂದೆ ಈ ಮಾರ್ಗದಲ್ಲಿ ಊರಿನ ಹೆಸರಿನದೇ ನಿಲ್ದಾಣವೂ ಆಯಿತು. ಎರಡನೆಯದು ನೀರಿನ ಯೋಜನೆ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ, 1890ರ ದಶಕದಲ್ಲಿ, ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ಬೆಂಗಳೂರಿಗೆ ನೀರು ತರಲಾಯಿತು. ಇಟ್ಟಿಗೆಯ ಕಾಲುವೆಯಲ್ಲಿ ತಾನಾಗಿಯೇ ಹರಿದುಬರುತ್ತಿದ್ದ ನೀರನ್ನು ಸೋಲದೇವನಹಳ್ಳಿಯಲ್ಲಿ ಹಬೆಯ ಯಂತ್ರಗಳಿಂದ ಎತ್ತಿ ಮಲ್ಲೇಶ್ವರದ ಕಡೆಗೆ ಕಳುಹಿಸುತ್ತಿದ್ದರು. ನಗರದ ಬಾಯಾರಿಕೆಯನ್ನು ತಣಿಸಿದ ಈ ಯಂತ್ರಾಗಾರದ ವಿಷಯವನ್ನು ನೀರು ಸರಬರಾಜಿನ ಚರಿತ್ರೆಕಾರರು ಬರೆದಿದ್ದಾರೆ. ಅದರ ಇನ್ನೊಂದು ಪರಿಣಾಮವು ಗಮನಾರ್ಹವಾದುದು: ಮಳೆ ಬೆಳೆಗಳನ್ನು ಕಾಯದೆ ತಿಂಗಳಿಗೊಮ್ಮೆ ಸಂಬಳ ಪಡೆಯುವ ಮನುಷ್ಯನು ಒಕ್ಕಲುತನದ ಊರಿನ ನಡುವೆ ಕಾಣಿಸಿಕೊಂಡನು.

ಇಂತಹ ಸಂಬಳಗಾರರು ಈ ಭಾಗದಲ್ಲಿ ದೊಡ್ಡ ಸಂಖ್ಯೆಗೆ ಬೆಳೆದುದು ಸ್ವಾತಂತ್ರ್ಯಾನಂತರ. ಜಾಲಹಳ್ಳಿಯ ಕಡೆ 1953ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪಿತವಾದವು. ತರುವಾಯ ಪೀಣ್ಯ ಕೈಗಾರಿಕಾ ಪ್ರದೇಶವು ಬೆಳೆಯಿತು. ಇದೇ ಕಾಲದಲ್ಲಿ ಅಂಗಡಿಯ ಅಳತೆಗಳೂ ನಾಣ್ಯಗಳೂ ಬದಲಾದವು. 1957ರ ಏಪ್ರಿಲ್ 1ರಂದು ಹದಿನಾರಾಣೆಯ ರೂಪಾಯಿಯು ನೂರು ನಯೇಪೈಸೆಗಳ ರೂಪಾಯಿಯಾಯಿತು. 1956ರ ತೂಕ ಅಳತೆಗಳ ಕಾಯಿದೆಯಂತೆ ಕಿಲೋಗ್ರಾಂ ಮತ್ತು ಲೀಟರುಗಳು 1958ರಿಂದ ಹಂತಹಂತವಾಗಿ ಬಂದು ಸೇರು, ಬಳ್ಳ, ಕೊಳಗ, ಖಂಡುಗಗಳನ್ನು ಬದಿಗೊತ್ತಿದವು. ಒಂದೇ ಹೆಸರಿನ ಸೇರು ಸೀಮೆಯಿಂದ ಸೀಮೆಗೆ ಬೇರೆಯಾಗುತ್ತಿದ್ದುದರಿಂದ, ಕೊಳ್ಳುವವನು ಅಂಗಡಿಯವನ ಮಾತನ್ನೇ ನಂಬಬೇಕಾಗಿತ್ತು. ಸರ್ಕಾರದ ಮುದ್ರೆಯೊತ್ತಿದ ತೂಕದ ಕಲ್ಲು ಬಂದ ಮೇಲೆ, ಆ ನಂಬಿಕೆಯ ಒಂದು ಭಾಗವು ಅಂಗಡಿಯಿಂದ ಸರ್ಕಾರಕ್ಕೆ ವರ್ಗವಾಯಿತೆನ್ನಬಹುದು.

ಆದರೆ ಇನ್ನೊಂದು ಭಾಗವು ಅಂಗಡಿಯಲ್ಲಿಯೇ ಉಳಿಯಿತು. ಅದು ಸಾಲದ ಪುಸ್ತಕ. ತಿಂಗಳ ಸಂಬಳದ ಕುಟುಂಬವು ತಿಂಗಳುದ್ದಕ್ಕೂ ಅಕ್ಕಿ, ಬೇಳೆ, ಸೋಪು, ಕಾಫಿಪುಡಿಗಳನ್ನು ‘ಲೆಕ್ಕಕ್ಕೆ ಬರೆಸಿ’ ತಂದು, ಸಂಬಳದ ದಿನ ತೀರಿಸುವುದು ವಾಡಿಕೆಯಾಯಿತು. ಉದ್ದನೆಯ ಹಾಳೆಗಳ ಆ ಪುಸ್ತಕದಲ್ಲಿ ಗಿರಾಕಿಯ ಹೆಸರಿಗೆ ಬದಲಾಗಿ ‘ಮೂಲೆಮನೆ’, ‘ಮೇಷ್ಟ್ರ ಮನೆ’, ‘ರೈಲ್ವೆಯವರು’ ಎಂಬಂತಹ ಗುರುತುಗಳಿರುವುದುಂಟು. ಬಡ್ಡಿಯಿಲ್ಲದ, ಜಾಮೀನಿಲ್ಲದ, ಬ್ಯಾಂಕು ಕೊಡಲೊಪ್ಪದ ಸಾಲವನ್ನು ಈ ಪುಸ್ತಕವು ಕೊಟ್ಟಿತು. ಕಾರ್ಖಾನೆಯಲ್ಲಿ ಮುಷ್ಕರವಾದಾಗ, ಮನೆಯಲ್ಲಿ ಬಾಣಂತನವಾದಾಗ, ಒಲೆ ಆರದಂತೆ ನೋಡಿಕೊಂಡುದು ಅನೇಕ ವೇಳೆ ಇದೇ.

ಹಾಗೆಂದು ಈ ಪದ್ಧತಿಯನ್ನು ಕೇವಲ ಹೊಗಳುವುದು ಇತಿಹಾಸಕಾರನಿಗೆ ಉಚಿತವಲ್ಲ. ಸಾಲದ ಗಿರಾಕಿಯು ಬೇರೆ ಅಂಗಡಿಗೆ ಹೋಗಲಾರನು, ಧಾರಣೆಯನ್ನು ಪ್ರಶ್ನಿಸಲಾರನು. ಓದುಬರಹ ಬಾರದವನಿಗೆ ಪುಸ್ತಕದಲ್ಲಿ ಬರೆದುದೇ ವೇದವಾಕ್ಯ. ಯಾರಿಗೆ ಸಾಲ ಕೊಡಬೇಕು, ಯಾರಿಗೆ ಕೂಡದು ಎಂಬ ತೀರ್ಮಾನದಲ್ಲಿ ಜಾತಿಯ ಪಾತ್ರವಿರಲಿಲ್ಲವೆಂದು ಹೇಳುವಂತಿಲ್ಲ. ಬೆಂಗಳೂರಿನ ಅಂಗಡಿಗಳಲ್ಲಿ ಚಿರಪರಿಚಿತವಾದ ‘ಇಂದು ನಗದು, ನಾಳೆ ಸಾಲ’ ಎಂಬ ಫಲಕವಾದರೋ ಅಂಗಡಿಯವನ ಸಂಕಟವನ್ನೂ ತಿಳಿಸುತ್ತದೆ: ತೀರದ ಸಾಲದಿಂದ ಮುಚ್ಚಿದ ಅಂಗಡಿಗಳೂ ಉಂಟು.

ಇತ್ತೀಚಿನ ದಶಕಗಳಲ್ಲಿ ಗಿರಾಕಿಯೇ ಬದಲಾದನು. ಯಶವಂತಪುರದ ಕೃಷಿ ಉತ್ಪನ್ನ ಮಾರುಕಟ್ಟೆಯು ಸಗಟು ವ್ಯಾಪಾರದ ಮುಖ್ಯ ಕೇಂದ್ರವಾದುದರಿಂದ ಈ ಭಾಗದ ಅಂಗಡಿಗಳಿಗೆ ಸರಕು ಸಮೀಪಕ್ಕೆ ಬಂದಿತು. ಸೋಲದೇವನಹಳ್ಳಿಯಲ್ಲಿ ಆಚಾರ್ಯ ವಿದ್ಯಾಸಂಸ್ಥೆಗಳ ವಿಸ್ತಾರವಾದ ಆವರಣವು ನೆಲೆಗೊಂಡ ಮೇಲೆ ಹೊರರಾಜ್ಯ, ಹೊರದೇಶಗಳ ವಿದ್ಯಾರ್ಥಿಗಳು ಬಂದರು. ಅವರನ್ನು ಅನುಸರಿಸಿ ಬೇಕರಿ, ಜೆರಾಕ್ಸ್ ಅಂಗಡಿ, ಮೊಬೈಲ್ ರೀಚಾರ್ಜ್, ಪೇಯಿಂಗ್ ಗೆಸ್ಟ್ ವಸತಿಗೃಹ ಇವೆಲ್ಲ ಹುಟ್ಟಿಕೊಂಡವು. ಮೂರು ನಾಲ್ಕು ವರ್ಷಗಳಲ್ಲಿ ಊರು ಬಿಡುವ ಗಿರಾಕಿಗೆ ಲೆಕ್ಕ ಬರೆಯುವುದು ಅಂಗಡಿಯವನಿಗೆ ಸಾಧ್ಯವೂ ಅಲ್ಲ, ಆ ಗಿರಾಕಿಗೆ ಅದು ಬೇಕಾಗಿಯೂ ಇಲ್ಲ. ಇನ್ನೊಂದು ಕಡೆ, 2011ರಲ್ಲಿ ಬೆಂಗಳೂರಿನಲ್ಲಿಯೇ ಆರಂಭವಾದ ಬಿಗ್‌ಬ್ಯಾಸ್ಕೆಟ್ಟಿನಂತಹ ಸಂಸ್ಥೆಗಳು ದಿನಸಿಯನ್ನು ಮನೆಬಾಗಿಲಿಗೇ ತಲುಪಿಸತೊಡಗಿದವು.

2016ರಲ್ಲಿ ಯುಪಿಐ ಪಾವತಿ ವ್ಯವಸ್ಥೆ ಪ್ರಾರಂಭವಾಯಿತು. ಅದೇ ವರ್ಷದ ನವೆಂಬರ್ 8ರ ನೋಟು ರದ್ದತಿಯು ಮೊಬೈಲ್ ಪಾವತಿಗೆ ವೇಗವನ್ನಿತ್ತಿತು. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಿತು. ಎಳನೀರಿನ ಗಾಡಿಯಲ್ಲಿಯೂ ಕ್ಯೂಆರ್ ಫಲಕವು ತೂಗಾಡಿತು. ಇದರ ಅರ್ಥವು ಸ್ಪಷ್ಟವಾದುದು 2025ರ ಜುಲೈ ತಿಂಗಳಲ್ಲಿ. ಯುಪಿಐ ಮೂಲಕ ಬಂದ ಹಣದ ಆಧಾರದ ಮೇಲೆ, ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿಗಳ ವಹಿವಾಟಿನ ಮಿತಿಯನ್ನು ದಾಟಿದರೆಂದು ಕಂಡ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ನೋಟೀಸು ಕಳುಹಿಸಿತು. ಹಾಲು, ತರಕಾರಿಗಳಂತಹ ತೆರಿಗೆಯಿಲ್ಲದ ಪದಾರ್ಥಗಳನ್ನು ಮಾರಿದವರೂ ಅವರಲ್ಲಿದ್ದರು. ಬೆಂಗಳೂರಿನ ಅನೇಕ ಅಂಗಡಿಗಳು ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಫಲಕ ಹಾಕಿದವು. ನೋಂದಣಿ ಮಾಡಿಸಿಕೊಂಡವರಿಂದ ಹಿಂದಿನ ಬಾಕಿ ವಸೂಲು ಮಾಡುವುದಿಲ್ಲವೆಂದು ಮುಖ್ಯಮಂತ್ರಿಗಳು ಘೋಷಿಸಿದ ಮೇಲೆ ಕ್ಷೋಭೆಯು ತಗ್ಗಿತು.

ಮೇಲೆ ಹೇಳಿದ ಎರಡು ಫಲಕಗಳನ್ನು ಶಾಸನಗಳಂತೆ ಓದಿದರೆ ಒಂದು ಚರಿತ್ರೆಯೇ ತೋರುತ್ತದೆ. ಮೊದಲನೆಯದು ಗಿರಾಕಿಗೂ ಅಂಗಡಿಗೂ ನಡುವಿನ ಮಾತು. ಎರಡನೆಯದು ಮೂರನೆಯವನೊಬ್ಬನನ್ನು ಕುರಿತ ಮಾತು. ಊರಿನ ನೆನಪಿನಲ್ಲಿದ್ದ ಲೆಕ್ಕವು ಅಂಗಡಿಯ ಪುಸ್ತಕಕ್ಕೆ ಬಂದಿತು. ಅಲ್ಲಿಂದ ಬ್ಯಾಂಕಿನ ಹಾಗೂ ಸರ್ಕಾರದ ಕಣ್ಣಿಗೆ ಕಾಣುವ ಯಂತ್ರಕ್ಕೆ ಹೋಯಿತು. ತೆರಿಗೆಯ ನ್ಯಾಯದ ದೃಷ್ಟಿಯಿಂದ ಇದರಲ್ಲಿ ಲಾಭವುಂಟು. ಆದರೆ ಹೊಸ ಲೆಕ್ಕದಲ್ಲಿ ಕೊಟ್ಟ ಹಣ ದಾಖಲಾಗುತ್ತದೆಯೇ ಹೊರತು, ಕೊಡಲಾರದವನಿಗೆ ಕಾದ ದಿನಗಳು ದಾಖಲಾಗುವುದಿಲ್ಲ. ಕಾಯುವ ಆ ಗುಣಕ್ಕೆ ಬದಲಾಗಿ ಬಡವನಿಗೆ ಏನು ದೊರೆಯಿತು ಎಂಬುದು ಅರ್ಥಶಾಸ್ತ್ರಜ್ಞರು ಉತ್ತರಿಸಬೇಕಾದ ಪ್ರಶ್ನೆ.

ಇತಿಹಾಸ ವಿಭಾಗಗಳ ಕರ್ತವ್ಯವಾದರೋ ಇನ್ನೂ ಸರಳವಾದುದು, ಅಷ್ಟೇ ತ್ವರೆಯದು. ತಂದೆಯ ಅಂಗಡಿಯನ್ನು ಮಗನು ಮುಚ್ಚಿದಾಗ ಹಳೆಯ ಲೆಕ್ಕದ ಪುಸ್ತಕಗಳು ರದ್ದಿ ಕಾಗದದೊಂದಿಗೆ ತೂಕಕ್ಕೆ ಹೋಗುತ್ತವೆ. ಒಂದು ಮನೆಯವರು ಯಾವ ವರ್ಷ ರಾಗಿಯಿಂದ ಅಕ್ಕಿಗೆ ತಿರುಗಿದರು, ಯಾವ ಹಬ್ಬಕ್ಕೆ ಎಷ್ಟು ಬೆಲ್ಲ ಕೊಂಡರು, ಯಾವ ತಿಂಗಳಲ್ಲಿ ಬಾಕಿ ನಿಲ್ಲಿಸಿದರು ಎಂಬುದನ್ನು ತಿಳಿಸುವ ಇಂತಹ ಆಧಾರವು ಬೇರೆಡೆ ದೊರೆಯುವುದು ದುರ್ಲಭ. ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಅಂಗಡಿಗಳಿಗೆ ಹೋಗಿ, ಒಡೆಯರ ಒಪ್ಪಿಗೆ ಪಡೆದು, ಸಾಲಗಾರರ ಹೆಸರನ್ನು ಗೋಪ್ಯವಾಗಿಟ್ಟು, ಈ ಪುಸ್ತಕಗಳ ಪ್ರತಿಗಳನ್ನು ಸಂಗ್ರಹಿಸುವುದು ಅಗತ್ಯ. ಕಲ್ಲಿನ ಶಾಸನವು ಇನ್ನೂ ನೂರು ವರ್ಷ ಕಾದೀತು, ರದ್ದಿಯವನು ಕಾಯಲಾರನು.